ಪಲ್ಲಕ್ಕಿಯಲ್ಲಿ ಕುಳಿತ ಯತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಹಂಪೆಯ ವಿರೂಪಾಕ್ಷನ ದರ್ಶನಕ್ಕೆ ಹೋಗದ ಮನೆತನಗಳು ವಿರಳ. ತುಂಗಭದ್ರೆಯನ್ನು ದಾಟಿ ಗರ್ಭಗುಡಿಯತ್ತ ಧಾವಿಸುವ ಈ ಯಾತ್ರಿಕರಲ್ಲಿ ಮಹಾರಂಗಮಂಟಪದ ನಡುವೆ ನಿಂತು ಕತ್ತೆತ್ತಿ ನೋಡುವವರು ಎಷ್ಟು ಮಂದಿ? ಅಲ್ಲಿಯ ಚಾವಣಿಯಲ್ಲಿ ಯತಿಗಳೊಬ್ಬರು ಪಲ್ಲಕ್ಕಿಯಲ್ಲಿ ಕುಳಿತು, ಆನೆ, ವಾದ್ಯ, ಪರಿವಾರಗಳೊಡನೆ ಸಾಗುತ್ತಿರುವರು. ಅವರು ವಿದ್ಯಾರಣ್ಯರೆಂದು ಪರಂಪರೆಯ ಹೇಳಿಕೆ. ಗಿರಿಜಾಕಲ್ಯಾಣ, ತ್ರಿಪುರದಹನ, ಮತ್ಸ್ಯಯಂತ್ರಭೇದನ ಮೊದಲಾದ ಪುರಾಣಚಿತ್ರಗಳ ನಡುವೆ ಗ್ರಂಥಕರ್ತನಾದ ಒಬ್ಬ ಸಂನ್ಯಾಸಿಗೆ ಸ್ಥಾನ ದೊರೆತುದು ಸಣ್ಣ ಮಾತಲ್ಲ.

ಈ ಚಿತ್ರದಲ್ಲಿ ವಿದ್ಯಾರಣ್ಯರ ನಿಜವಾದ ಮುಖಚರ್ಯೆಯನ್ನು ಅರಸುವುದು ವ್ಯರ್ಥ. ಅವರು ದೇಹವನ್ನು ಬಿಟ್ಟುದು ೧೩೮೬ರಲ್ಲಿ. ಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದುದು ೧೫೧೦ರ ಸುಮಾರಿಗೆ. ಈಗ ಕಾಣುವ ಬಣ್ಣವು ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದ್ದೆಂದು ವಾದಿಸುವ ಪಂಡಿತರೂ ಉಂಟು. ರಾಜ್ಯಸ್ಥಾಪನೆಗೆ ಈ ಚಿತ್ರವನ್ನು ಸಾಕ್ಷಿಯಾಗಿ ತರುವುದೂ ಸಲ್ಲದು. ೧೩೪೬ರಲ್ಲಿ ಹರಿಹರ ಸೋದರರು ಶೃಂಗೇರಿಯಲ್ಲಿ ದತ್ತಿಯನ್ನಿತ್ತುದು ಭಾರತೀತೀರ್ಥರಿಗೆ. ವಿದ್ಯಾರಣ್ಯರ ಹೆಸರು ಶಾಸನಗಳಲ್ಲಿ ತಲೆದೋರುವುದು ಮೂರು ದಶಕಗಳು ಕಳೆದ ಮೇಲೆ. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವು ೧೯೧೭ರಲ್ಲಿ ಹೊರಬಿದ್ದಂದಿನಿಂದ ವಿಜಯನಗರದ ಹೆಸರಿಗೆ ರೋಮಾಂಚಗೊಂಡ ನಮ್ಮ ನಾಡಿಗರಿಗೆ ಇದು ಕಹಿಯೆನಿಸಬಹುದು. ಆದರೆ ಅಭಿಮಾನಕ್ಕೆ ಸುಳ್ಳಿನ ಊರುಗೋಲು ಬೇಕಿಲ್ಲ. ವಿದ್ವತ್ತನ್ನು ಈ ನಾಡು ಪಲ್ಲಕ್ಕಿಯಲ್ಲಿಟ್ಟು ಹೊತ್ತಿತು, ಆ ನೆನಪನ್ನು ದೇವರ ಮುಂದೆಯೇ ಬರೆದಿಟ್ಟಿತು. ಚಿತ್ರವು ಇಷ್ಟನ್ನು ನಿಸ್ಸಂಶಯವಾಗಿ ಹೇಳುತ್ತಿದೆ.

ವಿನೋದವೆಂದರೆ, ಚಿತ್ರಕಲೆಯ ರೀತಿಯನ್ನು ಈ ಯತಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಅವರ 'ಪಂಚದಶಿ'ಯ ಆರನೆಯ ಪ್ರಕರಣದ ಹೆಸರೇ 'ಚಿತ್ರದೀಪ'. ಬಟ್ಟೆಯನ್ನು ಒಗೆದು ಬಿಳುಪಾಗಿಸುವುದು, ಗಂಜಿಯಿಟ್ಟು ಬಿರುಸುಗೊಳಿಸುವುದು, ಗೆರೆಯೆಳೆಯುವುದು, ಬಣ್ಣ ತುಂಬುವುದು ಎಂಬ ನಾಲ್ಕು ಅವಸ್ಥೆಗಳನ್ನು ಹೇಳಿ, ಪರಮಾತ್ಮನ ನಾಲ್ಕು ಅವಸ್ಥೆಗಳಿಗೆ ಅವನ್ನು ಹೋಲಿಸಿರುವರು. ಚಿತ್ರದೊಳಗಿನ ಮನುಷ್ಯರು ಉಟ್ಟಂತೆ ತೋರುವ ವಸ್ತ್ರವು ವಸ್ತ್ರವಲ್ಲ. ಎಲ್ಲಕ್ಕೂ ಆಧಾರವಾದ ಬಟ್ಟೆ ಒಂದೇ. ವೇದಾಂತವನ್ನು ಬಣ್ಣಗಾರನ ಕೆಲಸದಿಂದ ತಿಳಿಸಿದವರನ್ನೇ ಬಣ್ಣಗಾರನೊಬ್ಬನು ಚಾವಣಿಗೇರಿಸಿದ. ಅವನು 'ಪಂಚದಶಿ'ಯನ್ನು ಓದಿರಲಿಕ್ಕಿಲ್ಲ; ಓದಿದ್ದರೆ ನಕ್ಕಿರುತ್ತಿದ್ದನು!

ಆದರೆ ಹಂಪೆಯಲ್ಲಿ ಈ ಬಣ್ಣಕ್ಕೆ ಆಧಾರವು ಬಟ್ಟೆಯಲ್ಲ, ಕಲ್ಲಿನ ಮೇಲೆ ಬಳಿದ ಗಾರೆ. ಗಾರೆ ಕಳಚಿದರೆ ಯತಿಯೂ ಇಲ್ಲ, ಪಲ್ಲಕ್ಕಿಯೂ ಇಲ್ಲ. ೨೦೧೯ರ ಜುಲೈಯಲ್ಲಿ ನಿಧಿಗಳ್ಳರು ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನು ಕೆಡವಿದಾಗ ಭಕ್ತರು ಕೂಡಲೇ ಸೇರಿ ಅದನ್ನು ಮತ್ತೆ ನಿಲ್ಲಿಸಿದರು. ಕಲ್ಲಿಗೆ ಈ ಸೌಕರ್ಯವುಂಟು, ಬಣ್ಣಕ್ಕಿಲ್ಲ. ಸೋರುವ ನೀರು, ದೀಪದ ಮಸಿ, ಹಳೆಯ ಗೆರೆಯ ಮೇಲೆ ಹೊಸ ಬಣ್ಣ ಬಳಿಯುವ ಅತ್ಯುತ್ಸಾಹ, ಇವು ಗದ್ದಲವಿಲ್ಲದೆ ಕೆಲಸ ಮಾಡುವ ಕಳ್ಳರು.

ಹಂಪೆಯು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ, ಅದು ನಮ್ಮ ಹೊಣೆಯಲ್ಲವೆಂದು ಕೊಪ್ಪಳದ ಅಧಿಕಾರಿಗಳು ಹೇಳಬಹುದು. ಹಾಗಾದರೆ ಈಚೆಯ ದಂಡೆಯಲ್ಲಿ, ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿಯೇ, ಹುಚ್ಚಪ್ಪಯ್ಯನ ಮಠವಿದೆ. ಅದರ ಚಾವಣಿಯ ಮೇಲೂ ವಿಜಯನಗರಕಾಲದ ವರ್ಣಚಿತ್ರಗಳ ಅವಶೇಷಗಳುಂಟು. ಮಳೆಗಾಲಕ್ಕೆ ಮುನ್ನ ಒಬ್ಬ ಛಾಯಾಗ್ರಾಹಕನನ್ನೂ ಒಬ್ಬ ಚಿತ್ರಕಾರನನ್ನೂ ಅಲ್ಲಿಗೆ ಕಳುಹಿಸಿ, ಉಳಿದಿರುವ ಪ್ರತಿಯೊಂದು ಗೆರೆಯ ಪ್ರತಿಯನ್ನು ತೆಗೆಯಿಸಿ ಜಿಲ್ಲೆಯ ಗ್ರಂಥಾಲಯದಲ್ಲಿ ಇರಿಸಲು ಎಷ್ಟು ಹಣ ಬೇಕಾದೀತು?