ಮುಕ್ತ ತಂತ್ರಾಂಶದ ವ್ಯಾಪಾರಕ್ರಮ

ಗಣಕದಲ್ಲಿ ಕನ್ನಡ ಬರೆಯುವ ರೊದ್ದಂ ಸೀಮೆಯ ಉಪಾಧ್ಯಾಯರಾದ ನಾವು ವಿಚಾರಿಸಬೇಕಾದ ಪ್ರಶ್ನೆಯೊಂದಿದೆ: ಬೆಲೆಯಿಲ್ಲದೆ ಕೊಡುವವನಿಗೆ ಅನ್ನ ಎಲ್ಲಿಂದ? ‘ಲೋಹಿತ್’ ಎಂಬ ಫಾಂಟುಗಳ ಬಳಗವನ್ನೇ ನೋಡೋಣ. ಅದರಲ್ಲಿ ಕನ್ನಡವೂ ಉಂಟು, ನೆರೆಯ ತೆಲುಗೂ ಉಂಟು. ಕೊಟ್ಟವರು ಅಮೆರಿಕದ ರೆಡ್ ಹ್ಯಾಟ್ ಕಂಪೆನಿಯವರು. (ರೆಡ್ ಹ್ಯಾಟ್ ಎಂದರೆ ಕೆಂಪು ಟೋಪಿ, ಲೋಹಿತವೆಂದರೂ ಕೆಂಪೇ!) 1993ರಲ್ಲಿ ಹುಟ್ಟಿದ ಈ ಕಂಪೆನಿಯ ಬಂಡವಾಳ ಲಿನಕ್ಸ್. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಗಾದರೆ ಮಾರುವುದೇನನ್ನು? ಹೋಳಿಗೆ ಮಾಡುವ ಕ್ರಮ ಮನೆಮನೆಗೂ ಗೊತ್ತು. ಆದರೂ ಮದುವೆಗೆ ಅಡಿಗೆಯವರನ್ನು ಕರೆದು ಸಂಭಾವನೆ ಕೊಡುವುದಿಲ್ಲವೆ? ಅಂತೆಯೇ ದೊಡ್ಡ ಸಂಸ್ಥೆಗಳು ಕೆಟ್ಟಾಗಿನ ನೆರವಿಗೆ, ಕಾಲಕಾಲದ ದುರಸ್ತಿಗೆ, ಭದ್ರತೆಗೆ ವರ್ಷಾವಧಿ ಚಂದಾ ತೆರುತ್ತವೆ. 2019ರಲ್ಲಿ ಐ.ಬಿ.ಎಂ. ಈ ಕಂಪೆನಿಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು.

ಆದರೆ ಕನ್ನಡದ ಒತ್ತಕ್ಷರ ತಪ್ಪಿ ಮೂಡಿದರೆ ಯಾವ ದೊಡ್ಡ ಗಿರಾಕಿಯೂ ತಗಾದೆ ಮಾಡಲಾರ. ಸಣ್ಣ ಭಾಷೆಗೆ ಈ ವ್ಯಾಪಾರದ ಆಸರೆ ತೆಳುವೆಂದೇ ನಮ್ಮ ಅಭಿಪ್ರಾಯ. ಉಳಿದಿರುವುದು ತಿದ್ದುವ ಹಕ್ಕು. ಕಂಪೆನಿ ಕೈಬಿಟ್ಟರೂ ಅದು ಹೋಗದು. ಗಡಿಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಕೆಲಸ ಕಲಿತು ಆ ಒತ್ತನ್ನು ಸರಿಪಡಿಸಬಹುದು, ಹಾಗೆ ಸರಿಪಡಿಸಿದ್ದನ್ನು ಹಂಚಲೂಬಹುದು. ಅದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.