ಮುಳುಗಿ ಹೊತ್ತು ಹೇಳುವ ಬಟ್ಟಲು

ಮುಳ್ಳಿಲ್ಲ, ಅಂಕಿಯಿಲ್ಲ, ಕೀ ಕೊಡುವ ಗೋಜೂ ಇಲ್ಲ. ಅಗಲ ಬಾಯಿಯ ಪಾತ್ರೆಯ ತುಂಬ ನೀರು, ಅದರಲ್ಲಿ ತೇಲುವ ತೆಳ್ಳನೆಯ ತಾಮ್ರದ ಬಟ್ಟಲು, ಬಟ್ಟಲಿನ ತಳದಲ್ಲೊಂದು ಸಣ್ಣ ತೂತು. ಇಷ್ಟೇ ಗಡಿಯಾರ! ತೂತಿನಿಂದ ನೀರು ಎಳೆಯಾಗಿ ಒಳಗೆ ಬರುತ್ತದೆ, ತಳ ತುಂಬುತ್ತದೆ, ಬಟ್ಟಲು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಕಾಯಿರಿ. ಇನ್ನೂ ಕಾಯಿರಿ. ನೀರು ಅಂಚು ದಾಟಿದ್ದೇ ತಡ, ಗುಳುಂ! ಬಟ್ಟಲು ಮಾಯ. ಒಂದು ಗಳಿಗೆ ಮುಗಿಯಿತು. ಇಂದಿನ ಲೆಕ್ಕದಲ್ಲಿ 24 ನಿಮಿಷ.

ಇದು ಗಳಿಗೆಬಟ್ಟಲು. ಒಂದು ಹಗಲು ಒಂದು ರಾತ್ರಿಯಲ್ಲಿ ಅದು 60 ಸಲ ಮುಳುಗಬೇಕು ಎನ್ನುತ್ತದೆ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ. ಅಂದರೆ 60 ಸಲವೂ ಅದನ್ನೆತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡಲು ಯಾರಾದರೂ ಕಣ್ಣುಬಿಟ್ಟುಕೊಂಡು ಕೂತಿರಬೇಕು. ಗಡಿಯಾರದ ಅರ್ಧ ಭಾಗ ಮನುಷ್ಯನೇ! ಹಿತ್ತಾಳೆಯ ದಪ್ಪ ತಟ್ಟೆ ಬಾರಿಸಿ ಊರಿಗೆ ಹೊತ್ತು ಸಾರುತ್ತಿದ್ದ ಇಂಥವರ ಬಗ್ಗೆ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಾವು ಇವತ್ತಿಗೂ ‘ಗಂಟೆ ಎಷ್ಟಾಯ್ತು?’ ಎಂದೇ ಕೇಳುತ್ತೇವಲ್ಲ, ಬಾರಿಸುವವನು ಹೋದರೂ ಸದ್ದು ಮಾತಿನಲ್ಲಿ ಉಳಿದಿದೆ. ಗಣಿತಜ್ಞ ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಮುತ್ತೊಂದು ಇಂಥದ್ದೇ ಬಟ್ಟಲಿಗೆ ಉದುರಿ, ತೂತು ಮುಚ್ಚಿಕೊಂಡು, ಮದುವೆಯ ಮುಹೂರ್ತವೇ ಮೀರಿಹೋಯಿತಂತೆ. ಕಟ್ಟುಕಥೆಯೇ ಇರಬಹುದು. ಆದರೆ ಕಟ್ಟಿದವನಿಗೆ ಯಂತ್ರ ಕೆಡುವುದೆಲ್ಲಿ ಎಂಬುದು ಚೆನ್ನಾಗಿ ಗೊತ್ತಿತ್ತು!

ನೀರು ಸಾಕು, ನೆರಳಿಗೆ ಬನ್ನಿ. ಸವಾಯಿ ಜಯಸಿಂಹ ಹದಿನೆಂಟನೇ ಶತಮಾನದಲ್ಲಿ ಜೈಪುರದಲ್ಲಿ ಕಟ್ಟಿಸಿದ ನೆರಳುಗಡಿಯಾರ ಸಮ್ರಾಟ್ ಯಂತ್ರದ ಎತ್ತರ 27 ಮೀಟರ್. ಆಕಾಶಕ್ಕೆ ಒರಗಿಸಿಟ್ಟ ಮೆಟ್ಟಿಲಿನಂಥ ಆ ಗೋಡೆಯ ನೆರಳು ಬಾಗಿದ ಅಮೃತಶಿಲೆಯ ಮೇಲೆ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ನೆರಳು ನಡೆಯುವುದು ಬರಿಗಣ್ಣಿಗೇ ಕಾಣುತ್ತದೆ! ನಿಜವಾಗಿ ಸರಿಯುತ್ತಿರುವುದು ನೆರಳಲ್ಲ, ನಾವು ನಿಂತ ಭೂಮಿ.

ಇನ್ನು ನಿಮ್ಮ ಮಣಿಕಟ್ಟಿನ ಸಾಧಾರಣ ಕ್ವಾರ್ಟ್ಸ್ ವಾಚು. ಅದರೊಳಗಿನ ಹರಳಿನ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೆಂಥ ವಿಚಿತ್ರ ಸಂಖ್ಯೆ? ಅರ್ಧ ಮಾಡಿ ನೋಡಿ: 16,384. ಮತ್ತೆ ಅರ್ಧ: 8,192. ಹೀಗೇ ಮಾಡುತ್ತ ಹೋದರೆ ಹದಿನೈದನೇ ಸಲಕ್ಕೆ ಉಳಿಯುವುದು ಒಂದೇ ಒಂದು! ಆ ಒಂದಕ್ಕೆ ಮುಳ್ಳು ಟಕ್ಕನೆ ಒಂದು ಹೆಜ್ಜೆ ಇಡುತ್ತದೆ. ಬಟ್ಟಲು ಕಾಯುತ್ತ ಕೂತವನ ಎಣಿಕೆಯನ್ನೇ ಈಗ ಉಗುರಿಗಿಂತ ಸಣ್ಣ ಚಿಪ್ಪೊಂದು ಮಾಡುತ್ತಿದೆ, ತೂಕಡಿಸದೆ.

ಬಟ್ಟಲಿನ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಈ ಭಾನುವಾರ ಕಣ್ಣಿಲ್ಲದ ಕಡೆಯ ತೆಂಗಿನ ಕರಟ ತೆಗೆದುಕೊಂಡು ತಳಕ್ಕೊಂದು ಸಣ್ಣ ತೂತು ಕೊರೆದು ಬಕೆಟ್ ನೀರಿನಲ್ಲಿ ತೇಲಿಬಿಡಿ. ಮೊದಲ ಸಲಕ್ಕೇ 24 ನಿಮಿಷ ಬರುವುದಿಲ್ಲ. ತೂತು ದೊಡ್ಡದಾಯಿತೆಂದರೆ ಬೇರೆ ಕರಟ ಹುಡುಕಬೇಕು.