ಮಹಾಪಧಮನಿಯ ಗಾತ್ರ ಮತ್ತು ಮಿಡಿತ: ಎಂ.ಆರ್.ಐ. ಅಳೆಯುವ ಬಗೆ

ಹೃದಯದಿಂದ ಹೊರಟು ಇಡೀ ಶರೀರಕ್ಕೆ ರಕ್ತ ಒಯ್ಯುವ ದೊಡ್ಡ ನಾಳವೇ ಮಹಾಪಧಮನಿ. ವೈದ್ಯರು ಬರೆಯುವುದು ಅಯೋರ್ಟಾ ಎಂದು. ಇದನ್ನು ತೋಟದ ಪಿ.ವಿ.ಸಿ. ಪೈಪಿನಂತೆ ಗಡುಸಾದ ಕೊಳವೆಯೆಂದು ತಿಳಿಯಬಾರದು. ಹೃದಯ ಹಿಂಡಿದಾಗ ಅದು ರಬ್ಬರಿನಂತೆ ಹಿಗ್ಗುತ್ತದೆ. ಹೃದಯ ವಿರಮಿಸಿದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ದೂಡುತ್ತದೆ. ಜೊತೆಗೆ, ಅದರ ಬುಡ ಪ್ರತಿ ಮಿಡಿತಕ್ಕೂ ಕೆಲವು ಮಿಲಿಮೀಟರ್ ಕೆಳಕ್ಕೆ ಜಗ್ಗಿ ಮತ್ತೆ ಮೇಲೇರುತ್ತದೆ.

ವಯಸ್ಕರಲ್ಲಿ ಇದರ ಅಡ್ಡಳತೆ ಎದೆಯಲ್ಲಿ ಸಾಮಾನ್ಯವಾಗಿ 4 ಸೆಂ.ಮೀ. ಒಳಗೆ, ಹೊಟ್ಟೆಯಲ್ಲಿ ಸುಮಾರು 2 ಸೆಂ.ಮೀ. ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಬೀಡಿ, ಮುಪ್ಪು, ಕೆಲವು ಮನೆತನಗಳಲ್ಲಿ ಇಳಿದುಬರುವ ಮಾರ್ಫಾನ್ ರೋಗ ಇವುಗಳಿಂದ ಗೋಡೆ ಸಡಿಲಗೊಂಡು ನಾಳ ಉಬ್ಬುತ್ತದೆ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ, ಹೆದರಬೇಕಾದುದು ಅದಕ್ಕೇ. ಹೃದಯದ ಹತ್ತಿರದ ಭಾಗ 5.5 ಸೆಂ.ಮೀ. ತಲುಪಿದರೆ, ಮಾರ್ಫಾನ್ ಇದ್ದವರಲ್ಲಿ 5 ಸೆಂ.ಮೀ.ಗೇ, ಸಾಮಾನ್ಯವಾಗಿ ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಆದುದರಿಂದ ಅಳತೆ ಅರ್ಧ ಸೆಂ.ಮೀ. ತಪ್ಪಿದರೂ ನಿರ್ಧಾರವೇ ಬದಲಾದೀತು.

ತಪ್ಪುವುದು ಹೇಗೆ? ಅಡಿಕೆ ಮರವನ್ನು ಓರೆಯಾಗಿ ಕಡಿದು ನೋಡಿ. ಕಡಿದ ಮುಖ ಮೊಟ್ಟೆಯಾಕಾರವಾಗಿ, ಮರ ಇದ್ದುದಕ್ಕಿಂತ ದಪ್ಪ ಕಾಣುತ್ತದೆ. ಬಾಗಿದ ನಾಳವೂ ಹಾಗೆಯೇ. ಎಂ.ಆರ್.ಐ.ಯಲ್ಲಿ ಬೇಕಾದ ಕೋನದಲ್ಲಿ, ನಾಳಕ್ಕೆ ನೇರ ಅಡ್ಡಲಾಗಿ ಚಿತ್ರ ತೆಗೆಯಬಹುದು. ಇಲ್ಲಿ ಕ್ಷ-ಕಿರಣವಿಲ್ಲ. ಬಲವಾದ ಅಯಸ್ಕಾಂತ, ಅನೇಕ ಕಡೆ 1.5 ಟೆಸ್ಲಾದ್ದು, ಎಂದರೆ ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ಅದರೊಳಗೆ ರೇಡಿಯೋ ತರಂಗ ಹಾಯಿಸಿದಾಗ ಶರೀರದ ನೀರಿನಲ್ಲಿರುವ ಹೈಡ್ರೋಜನ್ ಸಂಕೇತ ಕೊಡುತ್ತದೆ, ಚಿತ್ರವಾಗುವುದು ಅದೇ.

ಎದೆಗೆ ಇ.ಸಿ.ಜಿ. ತಂತಿ ಅಂಟಿಸಿ, ಉಸಿರು ಬಿಗಿಹಿಡಿಯಲು ಹೇಳುತ್ತಾರೆ. ಹಲವು ಮಿಡಿತಗಳಿಂದ ಕೂಡಿಸಿದ ಚಿತ್ರಗಳು ಒಂದೇ ಮಿಡಿತದ ಸಿನಿಮಾ ಆಗುತ್ತವೆ. ಹಿಗ್ಗಿದಾಗಿನ, ಕುಗ್ಗಿದಾಗಿನ ವಿಸ್ತೀರ್ಣದ ವ್ಯತ್ಯಾಸವನ್ನು ರಕ್ತದೊತ್ತಡದೊಂದಿಗೆ ಹೋಲಿಸಿದರೆ ಗೋಡೆಯ ಮೆದುತನ ತಿಳಿಯುತ್ತದೆ. ಮಿಡಿತದ ಅಲೆಯ ವೇಗವನ್ನೂ ಲೆಕ್ಕ ಹಾಕಬಹುದು. ಯುವಕರಲ್ಲಿ ಅದು ಸೆಕೆಂಡಿಗೆ ಸುಮಾರು 4-6 ಮೀಟರ್. ಗಡುಸಾದ ನಾಳದಲ್ಲಿ 10 ಮೀಟರಿಗೂ ಮೇಲೆ.

ಪೇಸ್‌ಮೇಕರ್ ಇದ್ದವರು, ವೆಲ್ಡಿಂಗ್ ಅಥವಾ ಕತ್ತಿ ಮಸೆಯುವ ಕೆಲಸದಲ್ಲಿ ಎಂದಾದರೂ ಕಬ್ಬಿಣದ ಚೂರು ಕಣ್ಣಿಗೆ ಹೊಕ್ಕವರು ಇದನ್ನು ಮೊದಲೇ ತಿಳಿಸಬೇಕು.

ಹಾಗೆಂದು ಎಲ್ಲರೂ ಎಂ.ಆರ್.ಐ.ಗೆ ಓಡಬೇಕೆಂದು ನಾವು ಹೇಳುವುದಿಲ್ಲ. ಖರ್ಚು ದೊಡ್ಡದು, ಮೊದಲಿಗೆ ಎಕೋ, ಹೊಟ್ಟೆಗೆ ಅಲ್ಟ್ರಾಸೌಂಡ್ ಸಾಕಾಗುವುದೇ ಹೆಚ್ಚು. ಆದರೆ ಎದೆಯಲ್ಲೋ ಬೆನ್ನಲ್ಲೋ ಹರಿದಂತೆ ಹಠಾತ್ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿದು ಮಲಗದೆ, ಆ ಗಳಿಗೆಯಲ್ಲೇ ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.